ಉಕ್ಕನ್ನೂ ಕಾಂಕ್ರೀಟನ್ನೂ ಜಾರದಂತೆ ಹಿಡಿದ ಮೊಳೆ

ನಮ್ಮ ರಾಬಿನ್ಸ್‌ವಿಲ್ಲಿನ 7ಎ ದ್ವಾರದಿಂದ ಟರ್ನ್‌ಪೈಕ್ ಸೇರುವ ನಾವೆಲ್ಲ ದಿನವೂ ಎಷ್ಟೋ ಸೇತುವೆಗಳನ್ನು ದಾಟುತ್ತೇವೆ. ಅಂಥ ಹೆದ್ದಾರಿ ಸೇತುವೆಗಳಲ್ಲಿ ಬಹು ಸಾಮಾನ್ಯವಾದುದೊಂದು ಬಗೆ ಇದೆ: ಕೆಳಗೆ ಸಾಲಾಗಿ ಉಕ್ಕಿನ ತೊಲೆಗಳು, ಅವುಗಳ ಮೇಲೆ ಕಾಂಕ್ರೀಟಿನ ಹಾಸು. ನೋಡಿದವರಿಗೆ ಹಾಸು ತೊಲೆಯ ಮೇಲೆ ಸುಮ್ಮನೆ ಕುಳಿತಂತೆ ತೋರುತ್ತದೆ. ಆದರೆ ಅವೆರಡನ್ನೂ ಬಿಗಿಹಿಡಿದಿರುವ ವಸ್ತುವೊಂದು ಒಳಗೆ ಹುದುಗಿದೆ. ಅದರ ಹೆಸರು ಶಿಯರ್ ಕನೆಕ್ಟರ್, ಅಂದರೆ ಜಾರುವಿಕೆಯನ್ನು ತಡೆಯುವ ಕೊಂಡಿ. ಅದರ ಬಲವೆಷ್ಟು ಎಂಬುದನ್ನು ಮನುಷ್ಯ ಹೇಗೆ ಕಂಡುಕೊಂಡನೆಂಬ ಕಥೆ ತಿಳಿದಿರುವುದು ಒಳ್ಳೆಯದು.

ಮಕ್ಕಳ ನೋಟ್‌ಬುಕ್ಕೊಂದನ್ನು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಪುಸ್ತಕ ಸುಲಭವಾಗಿ ಬಾಗುತ್ತದೆ. ಅವೇ ಹಾಳೆಗಳನ್ನು ಗೋಂದಿನಿಂದ ಅಂಟಿಸಿದರೆ ಅದು ಹಲಗೆಯಂತಾಗುತ್ತದೆ. ಒಂದೇ ದಪ್ಪದ ಎರಡು ಹಲಗೆಗಳು ಜಾರದಂತೆ ಸೇರಿದರೆ, ಸುಮ್ಮನೆ ಪೇರಿಸಿಟ್ಟಾಗ ಬಾಗುವುದರ ಕಾಲುಭಾಗದಷ್ಟೇ ಬಾಗುತ್ತವೆ. ಹೊರುವ ಭಾರವೂ ಇಮ್ಮಡಿಯಾಗುತ್ತದೆ. ಸೇತುವೆಯಲ್ಲಿ ಕಾಂಕ್ರೀಟು ಮೇಲಿನ ಒತ್ತಡವನ್ನು ಹೊರುತ್ತದೆ, ಉಕ್ಕು ಕೆಳಗಿನ ಎಳೆತವನ್ನು ತಡೆಯುತ್ತದೆ. ನಡುವೆ ಜಾರದಿದ್ದರೆ ಮಾತ್ರ ಈ ದಾಂಪತ್ಯ ನಡೆಯುತ್ತದೆ.

ಮೊದಮೊದಲು ಇಂಜಿನಿಯರರು ಸಿಮೆಂಟಿನ ಸಹಜ ಅಂಟನ್ನೇ ನಂಬಿದ್ದರು. 1920ರ ದಶಕದ ಆರಂಭದಲ್ಲಿ ಕೆನಡದ ಡೊಮಿನಿಯನ್ ಬ್ರಿಡ್ಜ್ ಕಂಪನಿ ಕಾಂಕ್ರೀಟಿನಲ್ಲಿ ಹುದುಗಿಸಿದ ತೊಲೆಗಳನ್ನು ಪರೀಕ್ಷಿಸಿದಾಗ ಎರಡೂ ಕೂಡಿಯೇ ಭಾರ ಹೊರುತ್ತಿದ್ದುದು ಕಂಡಿತು. ಆದರೆ ನಾನು ರಸಾಯನಶಾಸ್ತ್ರದವನು. ಎರಡು ವಸ್ತುಗಳು ಕೂಡುವ ಮೇಲ್ಮೈ ಎಷ್ಟು ಚಂಚಲವಾದದ್ದೆಂದು ನನ್ನ ಕಸುಬಿನವರೆಲ್ಲ ಬಲ್ಲರು. ಒಣಗುತ್ತ ಕಾಂಕ್ರೀಟು ಕುಗ್ಗುತ್ತದೆ, ಗಾಡಿಗಳು ಓಡಾಡಿ ಅದುರಿಸುತ್ತವೆ. ಒಮ್ಮೆ ಬಿಟ್ಟ ಅಂಟು ತಾನಾಗಿ ಮತ್ತೆ ಕೂಡುವುದಿಲ್ಲ. 1926ರಲ್ಲಿ ಜೂಲಿಯಸ್ ಕಾನ್ ಎಂಬ ಅಮೆರಿಕನ್ ಇಂಜಿನಿಯರು ಉಕ್ಕು ಮತ್ತು ಕಾಂಕ್ರೀಟು ಕೂಡಿದ ತೊಲೆಗೆ ಪೇಟೆಂಟ್ ಪಡೆದ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೊಲೆಯ ನೆತ್ತಿಗೆ ಸುರುಳಿ ಸರಳನ್ನು ಬೆಸೆಯುವ ಪದ್ಧತಿ ಬಂತು. ಚಾನಲ್ ತುಂಡುಗಳನ್ನು ಬೆಸೆಯುವ ಕ್ರಮವೂ ಇತ್ತು. ಇವೆಲ್ಲ ಗಟ್ಟಿಯಾದವೇ, ಆದರೆ ಒಂದೊಂದನ್ನೂ ಕೈಯಿಂದ ಬೆಸೆಯುವ ಕೆಲಸ ನಿಧಾನವಾದದ್ದು.

ಪರಿಹಾರ ದೊರೆತದ್ದು ಹಡಗುಕಟ್ಟೆಯಲ್ಲಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಕ್ಯಾಲಿಫೋರ್ನಿಯದ ಮೇರ್ ಐಲೆಂಡಿನಲ್ಲಿ, ಹಡಗಿನ ಉಕ್ಕಿನ ಅಟ್ಟಕ್ಕೆ ಮರದ ಹಲಗೆ ಕೂರಿಸಲು ಟೆಡ್ ನೆಲ್ಸನ್ ಎಂಬಾತ ಬೆಸುಗೆಯ ಪಿಸ್ತೂಲೊಂದನ್ನು ರೂಪಿಸಿದ. ವಿದ್ಯುತ್ ಕಿಡಿ ಹಾರಿ, ಮೊಳೆಯ ತುದಿ ಕರಗಿ, ಕ್ಷಣಾರ್ಧದಲ್ಲಿ ಉಕ್ಕಿಗೆ ಕಚ್ಚಿಕೊಳ್ಳುತ್ತಿತ್ತು. ತಲೆಯುಳ್ಳ ಇಂಥ ಮೊಳೆಯೇ ಮುಂದೆ ಸೇತುವೆಗೆ ಬಂದ ‘ಸ್ಟಡ್’. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಐವಾನ್ ವೀಸ್ಟ್ ಇದನ್ನು ಪರೀಕ್ಷಿಸಿ 1956ರಲ್ಲಿ ಫಲಿತಾಂಶ ಪ್ರಕಟಿಸಿದರು.

ನಿರ್ಣಾಯಕವಾದ ಕೆಲಸ ನಡೆದದ್ದು ಮಾತ್ರ ನಮ್ಮ ನೆರೆಯಲ್ಲೇ. ರಾಬಿನ್ಸ್‌ವಿಲ್ಲಿನಿಂದ ಡೆಲವೇರ್ ನದಿ ದಾಟಿ ಸುಮಾರು ಒಂದೂಕಾಲು ಗಂಟೆ ಕಾರು ಓಡಿಸಿದರೆ ಬೆತ್ಲಹೆಮ್ ಪಟ್ಟಣ. ಅಲ್ಲಿನ ಉಕ್ಕಿನ ಕುಲುಮೆಗಳು 1995ರಲ್ಲಿ ಆರಿದವು; ಲೀಹೈ ವಿಶ್ವವಿದ್ಯಾಲಯ ಈಗಲೂ ಇದೆ. ಅಲ್ಲಿ ರೋಜರ್ ಸ್ಲಟರ್ ಮತ್ತು ಜಾನ್ ಫಿಶರ್ 1966ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿಕೊಟ್ಟರು: ಒಮ್ಮೆ ಬೀಳುವ ದೊಡ್ಡ ಭಾರಕ್ಕಿಂತ, ಪ್ರತಿ ಲಾರಿ ಹಾದಾಗಲೂ ಆಗುವ ಬಲದ ಏರಿಳಿತವೇ ಸ್ಟಡ್ಡನ್ನು ದಣಿಸುತ್ತದೆ. 1971ರಲ್ಲಿ ಓಲ್ಗಾರ್ಡ್ ಎಂಬ ಸಂಶೋಧಕರೂ ಅವರೊಡನೆ ಸೇರಿ 48 ಮಾದರಿಗಳ ಪರೀಕ್ಷೆಯನ್ನು ವರದಿ ಮಾಡಿದರು. ಪರೀಕ್ಷೆಯ ವಿಧಾನ ಸರಳ: ನೆಟ್ಟಗೆ ನಿಲ್ಲಿಸಿದ ತೊಲೆಯ ಎರಡು ಬದಿಗೂ ಸ್ಟಡ್ ಬೆಸೆದು ಕಾಂಕ್ರೀಟು ಸುರಿಯುವುದು, ಅದು ಗಟ್ಟಿಯಾದ ಮೇಲೆ ತೊಲೆಯನ್ನು ಮೇಲಿನಿಂದ ಒತ್ತಿ, ಎಷ್ಟು ಬಲಕ್ಕೆ ಹಿಡಿತ ಸೋಲುತ್ತದೆಂದು ಅಳೆಯುವುದು.

ಉತ್ತರ ಸ್ವಾರಸ್ಯವಾಗಿತ್ತು. ಸ್ಟಡ್ಡಿನ ಬಲ ಉಕ್ಕಿನದಷ್ಟೇ ಅಲ್ಲ, ಸುತ್ತಲಿನ ಕಾಂಕ್ರೀಟಿನ ಗಟ್ಟಿತನ ಮತ್ತು ಬಿಗುವಿನದೂ ಹೌದು. ಅವರ ಸೂತ್ರದಂತೆ ಲೆಕ್ಕ ಹಾಕಿದರೆ, ಹೆಬ್ಬೆರಳ ಗಾತ್ರದ 19 ಮಿಲಿಮೀಟರ್ ವ್ಯಾಸದ ಒಂದು ಸ್ಟಡ್ 30 ಮೆಗಾಪಾಸ್ಕಲ್ ಬಲದ ಕಾಂಕ್ರೀಟಿನಲ್ಲಿ ಸುಮಾರು 12 ಟನ್ ತಡೆಯುತ್ತದೆ. ನಮ್ಮ ದಸರೆಯ ಎರಡು ದೊಡ್ಡ ಆನೆಗಳಿಗಿಂತ ಹೆಚ್ಚಿನ ತೂಕ! ಕಾಂಕ್ರೀಟು 20ಕ್ಕೆ ಇಳಿದರೆ ಅದೇ ಸ್ಟಡ್ 9 ಟನ್ ಚಿಲ್ಲರೆಗೇ ಸೋಲುತ್ತದೆ. ಮೊಳೆ ಬದಲಾಗಿಲ್ಲ; ಹಿಡಿದುಕೊಂಡವನು ಸಡಿಲನಾಗಿದ್ದಾನೆ. ಇನ್ನೊಂದೆಡೆ ಕಾಂಕ್ರೀಟನ್ನು ಎಷ್ಟೇ ಬಲಪಡಿಸಿದರೂ, ಸ್ಟಡ್ಡಿನ ಉಕ್ಕು ಕಿತ್ತುಹೋಗುವ ಮಿತಿಯನ್ನು ದಾಟಲಾಗದು.

ಇದು ನಮ್ಮ ಊರಿನ ಮಾತೂ ಹೌದು. ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಂಥ ಸೇತುವೆಗಳಿಗೆ 1966ರಲ್ಲೇ ಸಂಹಿತೆ ಹೊರಡಿಸಿತು. ಮುಂದೆ 1986, 2008 ಮತ್ತು 2015ರಲ್ಲಿ ಪರಿಷ್ಕರಿಸಿತು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ 2016ರಲ್ಲಿ ಜನ ಬೀದಿಗಿಳಿದು ಬೇಡವೆಂದರು. 2017ರಲ್ಲಿ ಸರ್ಕಾರ ಕೈಬಿಟ್ಟಿತು. 2022ರಲ್ಲಿ ಶಿವಾನಂದ ವೃತ್ತದ ಉಕ್ಕಿನ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಮರ, ವೆಚ್ಚ, ನೋಟ ಇವುಗಳ ಬಗ್ಗೆ ಚರ್ಚೆಯಾಗುವುದು ನ್ಯಾಯವೇ. ಆದರೆ ‘ಉಕ್ಕಿನ ಸೇತುವೆ’ ಎಂದೊಡನೆ ಉಕ್ಕಿನ ಬಲವೊಂದನ್ನೇ ನೆನೆದರೆ ಸಾಲದು. ಹಾಸು ಕಾಂಕ್ರೀಟಿನದಾದರೆ, ಆ ಕಾಂಕ್ರೀಟಿನ ಪಾಕ ಕೆಟ್ಟಲ್ಲಿ ಉಕ್ಕೂ ಸೊರಗುತ್ತದೆ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರಲ್ಲ, ಆ ಉಪ್ಪಿನ ಕ್ಲೋರೈಡು ಬಿರುಕುಗಳಲ್ಲಿ ಇಳಿದು ಒಳಗಿನ ಕಬ್ಬಿಣದ ರಕ್ಷಾಕವಚವನ್ನು ಒಡೆಯುತ್ತದೆ. ತುಕ್ಕು ಉಬ್ಬಿ ಹಾಸನ್ನು ಸೀಳುತ್ತದೆ. ಆಗ ಹಳೆಯ ಹಾಸನ್ನು ಕಿತ್ತು ಹೊಸದು ಹಾಕಬೇಕು. ಸ್ಟಡ್‌ಗಳ ಸಂದಿಯಿಂದ ಕಾಂಕ್ರೀಟನ್ನು ಒಡೆದು ತೆಗೆಯುವುದು ಬಹಳ ಶ್ರಮದ ಕೆಲಸ.

ಸ್ಟಡ್ ಒಮ್ಮೆ ಕಾಂಕ್ರೀಟಿನಲ್ಲಿ ಮುಳುಗಿದರೆ ಯಾರ ಕಣ್ಣಿಗೂ ಕಾಣದು. ಆದ್ದರಿಂದ ಬೆಸುಗೆಯನ್ನು ಸುತ್ತಿಗೆಯಿಂದ ಬಡಿದು, ಬಗ್ಗಿಸಿ ಪರೀಕ್ಷಿಸುವುದೆಲ್ಲ ಸುರಿಯುವ ಮೊದಲೇ ಆಗಬೇಕು. ಸುರಿದ ಕಾಂಕ್ರೀಟಿನ ಮಾದರಿಗಳನ್ನು ಆ ದಿನವೇ ತೆಗೆದಿಟ್ಟು ಮುಂದೆ ಒತ್ತಿ ನೋಡಬೇಕು. ನಮ್ಮೂರುಗಳಲ್ಲಿ ಹೊಸ ಸೇತುವೆಯ ಮಾತು ಬಂದಾಗ, ಎಷ್ಟು ಕೋಟಿ, ಎಷ್ಟು ಉದ್ದ ಎಂದು ಕೇಳುವುದರ ಜೊತೆಗೆ ಈ ಎರಡು ಪರೀಕ್ಷೆಗಳ ದಾಖಲೆ ಎಲ್ಲಿದೆ ಎಂದೂ ಕೇಳುವ ಅಭ್ಯಾಸ ನಮಗಾಗಲಿ.