ಕರ್ನಲ್‌ನಲ್ಲಿ ಒಂದು ಲೆಕ್ಕ ತಪ್ಪಿದರೆ ಏನಾಗುತ್ತದೆ? ರೆಫರೆನ್ಸ್ ಕೌಂಟಿಂಗ್ ದೋಷದ ಬಗ್ಗೆ ತಿಳಿಯಿರಿ

ಮೊಬೈಲ್‌ನಲ್ಲಿ ಯಾವ ಆ್ಯಪ್ ತೆರೆದರೂ ಅದರ ಕೆಳಗೆ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಕ್ಯಾಮೆರಾ, ವೈಫೈ, ಗ್ರಾಫಿಕ್ಸ್ ನಡೆಸುವ ಡ್ರೈವರ್‌ಗಳು ಬಹುಮಟ್ಟಿಗೆ ಕರ್ನಲ್ ಒಳಗೇ ಇರುತ್ತವೆ. ಹಾಗಾಗಿ ಒಂದು ಡ್ರೈವರ್‌ನ ಸಣ್ಣ ತಪ್ಪು ಇಡೀ ಫೋನನ್ನು ದಾಳಿಕೋರರ ಕೈಗೆ ಕೊಡಬಲ್ಲದು.

ಏನಿದು ರೆಫರೆನ್ಸ್ ಕೌಂಟಿಂಗ್?

ಮೆಮೊರಿಯ ಒಂದೇ ಭಾಗವನ್ನು ಹಲವರು ಬಳಸುವಾಗ ಕರ್ನಲ್ ಅವರ ಲೆಕ್ಕ ಇಡುತ್ತದೆ. ಒಬ್ಬರು ಬಂದರೆ ಒಂದು ಕೂಡಿಸುತ್ತದೆ, ಹೋದರೆ ಒಂದು ಕಳೆಯುತ್ತದೆ. ಲೆಕ್ಕ ಸೊನ್ನೆಯಾದಾಗ ಆ ಜಾಗ ಖಾಲಿಯಾಗಿ ಬೇರೆಯವರಿಗೆ ಸಿಗುತ್ತದೆ. ಸಿ ಭಾಷೆಯಲ್ಲಿ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಹೊಣೆ ಪ್ರೋಗ್ರಾಮರ್‌ನದ್ದೇ.

ತಪ್ಪುವುದು ಎರಡು ಬಗೆಯಲ್ಲಿ

* ಕಳೆಯಲು ಮರೆತರೆ ಮೆಮೊರಿ ವಾಪಸ್ ಬರುವುದಿಲ್ಲ. ಇದು ಮೆಮೊರಿ ಲೀಕ್.
* ಹೆಚ್ಚು ಕಳೆದರೆ ಇನ್ನೂ ಬಳಕೆಯಲ್ಲಿರುವ ಜಾಗವೇ ಬೇರೆಯವರ ಪಾಲಾಗುತ್ತದೆ. ಇದು ಯೂಸ್ ಆಫ್ಟರ್ ಫ್ರೀ. ದಾಳಿಕೋರ ಅಲ್ಲಿ ತನ್ನ ಡೇಟಾ ತುಂಬಿಸಿದರೆ ಕರ್ನಲ್ ಅದನ್ನೇ ನಂಬುತ್ತದೆ.

ಕೆಲಸ ಅರ್ಧಕ್ಕೆ ನಿಂತು ಹಿಂದಿರುಗುವ ಕೋಡ್‌ನಲ್ಲಿ ಇಂಥ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಪರೀಕ್ಷೆಯ ವೇಳೆ ಆ ದಾರಿ ಹಿಡಿಯುವುದೇ ಅಪರೂಪ.

ಲೀಕ್ ಕೂಡ ಅಪಾಯವೇ

2016ರ ಜನವರಿಯಲ್ಲಿ ಬಯಲಾದ ಸಿವಿಇ-2016-0728 ಇದಕ್ಕೆ ಉದಾಹರಣೆ. ಲಿನಕ್ಸ್ 3.8ರಿಂದಲೂ ಕೀರಿಂಗ್ ಎಂಬ ಭಾಗದಲ್ಲಿ ಒಂದು ಕಡೆ ಲೆಕ್ಕ ಕಳೆಯುವುದು ಬಿಟ್ಟುಹೋಗಿತ್ತು. ಲೆಕ್ಕ 32 ಬಿಟ್‌ನದ್ದು. ಸುಮಾರು 429 ಕೋಟಿ ಬಾರಿ ಕೂಡಿಸಿದರೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಬಳಕೆಯಲ್ಲಿದ್ದ ಜಾಗ ಖಾಲಿಯಾಗಿ, ಸಾಮಾನ್ಯ ಬಳಕೆದಾರ ರೂಟ್ ಅಧಿಕಾರ ಪಡೆಯಬಹುದಿತ್ತು. ಸಂಶೋಧಕರ ಪರೀಕ್ಷೆಯಲ್ಲಿ ಇದಕ್ಕೆ ಹಿಡಿದದ್ದು ಅರ್ಧ ಗಂಟೆ.

ತಲುಪದ ಪ್ಯಾಚ್

ಆಂಡ್ರಾಯ್ಡ್‌ನ ಬೈಂಡರ್ ಡ್ರೈವರ್‌ನಲ್ಲಿದ್ದ ಸಿವಿಇ-2019-2215 ಸಹ ಯೂಸ್ ಆಫ್ಟರ್ ಫ್ರೀ ದೋಷ. ಲಿನಕ್ಸ್‌ನಲ್ಲಿ 2018ರಲ್ಲೇ ಇದನ್ನು ಸರಿಪಡಿಸಲಾಗಿತ್ತು. ಆದರೆ ಆ ಪ್ಯಾಚ್ ಪಿಕ್ಸೆಲ್ 2 ಸೇರಿದಂತೆ ಹಲವು ಫೋನ್‌ಗಳನ್ನು ತಲುಪಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ, ಈ ದೋಷವನ್ನು ದಾಳಿಗೆ ಬಳಸಲಾಗುತ್ತಿದೆ ಎಂದು ಗೂಗಲ್ ಸಂಶೋಧಕರು ಎಚ್ಚರಿಸಿದರು.

ಪರಿಹಾರವೇನು?

2017ರಲ್ಲಿ ಲಿನಕ್ಸ್ 4.11ಕ್ಕೆ ರೆಫ್‌ಕೌಂಟ್_ಟಿ ಸೇರಿತು. ಮಿತಿ ಮೀರಿದರೆ ಲೆಕ್ಕ ಸೊನ್ನೆಗೆ ತಿರುಗದೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಮೆಮೊರಿ ಪೋಲಾದರೂ ದಾಳಿ ತಪ್ಪುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1 ರಸ್ಟ್ ಭಾಷೆಗೂ ಬಾಗಿಲು ತೆರೆಯಿತು. ಬಳಕೆ ಮುಗಿದಾಗ ಲೆಕ್ಕ ಕಳೆಯುವ ಕೆಲಸ ರಸ್ಟ್‌ನಲ್ಲಿ ತಾನಾಗಿಯೇ ಆಗುತ್ತದೆ. ಬೈಂಡರ್ ಡ್ರೈವರನ್ನೂ ರಸ್ಟ್‌ನಲ್ಲಿ ಹೊಸದಾಗಿ ಬರೆಯಲಾಗಿದೆ.

ನೀವೇನು ಮಾಡಬೇಕು?

ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಅಪ್‌ಡೇಟ್ ಬಂದಿದ್ದರೆ ಮುಂದೂಡಬೇಡಿ. ಎಲ್ಲೋ ಸರಿಯಾದ ದೋಷ ನಿಮ್ಮ ಫೋನ್‌ನಲ್ಲೂ ಸರಿಯಾಗುವುದು ಆಗಲೇ.