ಬೆನಿನ್ ನಗರದ ಎರಕ ಕಲೆ

ದಕ್ಷಿಣ ನೈಜೀರಿಯದ ಎಡೊ ಜನರ ಪರಂಪರಾಗತ ಲೋಹಶಿಲ್ಪ. ಇಂದಿನ ಎಡೊ ರಾಜ್ಯದ ರಾಜಧಾನಿಯಾದ ಬೆನಿನ್ ನಗರ ಇದರ ನೆಲೆ. ಪಕ್ಕದ ಬೆನಿನ್ ಗಣರಾಜ್ಯ ಬೇರೆಯೇ ದೇಶ. 'ಬೆನಿನ್ ಕಂಚು' ಎಂದು ಜಗತ್ತು ಕರೆಯುವ ಈ ಶಿಲ್ಪಗಳಲ್ಲಿ ಬಹುಪಾಲು ಹಿತ್ತಾಳೆಯವು. ಎಡೊ ಅರಸನಿಗೆ ಒಬಾ ಎಂದು ಹೆಸರು. ಎರಕದವರು ಒಬಾನಿಗಾಗಿಯೇ ದುಡಿಯುತ್ತಿದ್ದ ವಂಶಪಾರಂಪರ್ಯದ ಕಸುಬುದಾರರು. ಅವರ ಕೇರಿ ಇಗುನ್ ಬೀದಿ. ಒಬಾ ಒಗುವೊಲಾ ಇಫೆ ನಗರದಿಂದ ಇಗುವೇಘಾ ಎಂಬ ಎರಕದವನನ್ನು ಕರೆಸಿಕೊಂಡನೆಂದೂ ವಿದ್ಯೆ ಅವನಿಂದ ಹಬ್ಬಿತೆಂದೂ ಅರಮನೆಯ ಐತಿಹ್ಯ ಹೇಳುತ್ತದೆ.

ವಿಧಾನ ಮೇಣದ ಎರಕದ್ದು. ಜೇಡಿಮಣ್ಣಿನ ತಿರುಳು ಮಾಡಿ ಒಣಗಿಸಿ, ಮೇಲೆ ಜೇನುಮೇಣದ ತೆಳುಪದರ ಹಚ್ಚುತ್ತಾರೆ. ಹವಳದ ಸರದ ಒಂದೊಂದು ಮಣಿ, ಹುಬ್ಬಿನ ಗೆರೆ, ಬಟ್ಟೆಯ ನೇಯ್ಗೆ ಎಲ್ಲವೂ ಮೂಡುವುದು ಈ ಮೇಣದಲ್ಲೇ. ಮೊದಲು ನುಣ್ಣನೆಯ ಮಣ್ಣು, ಆಮೇಲೆ ಒರಟು ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಅಚ್ಚನ್ನು ಒಡೆಯಬೇಕು, ಆದ್ದರಿಂದ ಒಂದು ಅಚ್ಚಿಗೆ ಒಂದೇ ಶಿಲ್ಪ. ಎಲ್ಲೋ ಗಾಳಿ ಸಿಕ್ಕಿಕೊಂಡರೆ ಅಷ್ಟು ದಿನದ ಕೆಲಸವೂ ಹೋದಂತೆ. ಇದೇ ತತ್ತ್ವದ ಎರಕವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ಎರಡು ನಾಡುಗಳ ನಡುವೆ ಕೊಡುಕೊಳೆ ಇತ್ತೆಂದು ಇದರಿಂದ ಹೇಳಲಾಗದು.

15ನೆಯ ಶತಮಾನದ ಕೊನೆಗೆ ಪೋರ್ಚುಗೀಸರು ಬಂದರು. ಅವರು ತಂದ 'ಮನಿಲ್ಲಾ' ಎಂಬ ಹಿತ್ತಾಳೆ ಕಡಗಗಳು ನಾಣ್ಯದಂತೆ ಚಲಾವಣೆಯಾದವು. ಮೆಣಸು, ದಂತಗಳ ಜೊತೆಗೆ ಮನುಷ್ಯರನ್ನೂ ಅವುಗಳಿಂದ ಕೊಂಡರು. ಈ ಕಡಗಗಳೇ ಎರಕದ ಮೂಸೆ ಸೇರಿದವು. ಅವುಗಳ ಲೋಹ ಜರ್ಮನಿಯ ರೈನ್‌ಲ್ಯಾಂಡ್ ಪ್ರದೇಶದ್ದೆಂದು 2023ರಲ್ಲಿ ಪ್ರಕಟವಾದ ರಾಸಾಯನಿಕ ವಿಶ್ಲೇಷಣೆ ತೋರಿಸಿತು. ಶಿಲ್ಪಗಳ ಚೆಲುವನ್ನು ಕೊಂಡಾಡುವಾಗ ಗುಲಾಮರ ಬೆಲೆಯಾಗಿಯೂ ಕೈಬದಲಾಯಿಸಿದ ಲೋಹವಿದು ಎಂಬುದನ್ನು ಮರೆಯುವುದು ಸರಿಯಲ್ಲ.

ಲೋಹ ಹೇರಳವಾದಾಗ ಹುಟ್ಟಿದ್ದು ಎರಕದ ಫಲಕಗಳು. 16–17ನೆಯ ಶತಮಾನಗಳ ಸುಮಾರು 850 ಫಲಕಗಳು ಉಳಿದಿವೆ. ಅರಮನೆಯ ಮರದ ಕಂಬಗಳಿಗೆ ಯುದ್ಧಚಿತ್ರಗಳ ಲೋಹದ ಹೊದಿಕೆಯಿತ್ತೆಂದು ಡಚ್ ಲೇಖಕ ಓಲ್ಫರ್ಟ್ ಡ್ಯಾಪರ್ 1668ರಲ್ಲಿ ಬರೆದ. ಫಲಕದ ಹಿನ್ನೆಲೆಯ ತುಂಬ ನಾಲ್ಕೆಸಳಿನ ಎಲೆಯ ಚಿತ್ತಾರ. ಮಧ್ಯದಲ್ಲಿ ಒಬಾ, ಅಕ್ಕಪಕ್ಕದಲ್ಲಿ ಅಂತಸ್ತಿಗೆ ತಕ್ಕಂತೆ ಗಾತ್ರ ಇಳಿಯುವ ಪರಿವಾರ. ಕೆಲವೆಡೆ ಮೂಲೆಯಲ್ಲಿ ಉದ್ದಗೂದಲಿನ, ಚೂಪು ಮೂಗಿನ ಪೋರ್ಚುಗೀಸ. ಯಾರು ಎಲ್ಲಿ ನಿಲ್ಲಬೇಕು, ಏನು ತೊಡಬೇಕು ಎಂಬ ದರಬಾರಿನ ದಾಖಲೆಯಾಗಿ ಇವನ್ನು ಓದಬಹುದು. ಇವನ್ನು ಬರಿಯ ಅಲಂಕಾರವೆಂದು ನೋಡಿದರೆ ಅರ್ಧ ಮಾತ್ರ ನೋಡಿದಂತೆ.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ನಗರವನ್ನು ಹಿಡಿಯಿತು, ಅರಮನೆಯನ್ನು ಲೂಟಿ ಮಾಡಿತು. ಒಬಾ ಒವೊನ್ರಾಮ್ವೆನ್‌ನನ್ನು ಕ್ಯಾಲಬಾರ್‌ಗೆ ಗಡೀಪಾರು ಮಾಡಿದರು. ಸಾವಿರಾರು ವಸ್ತುಗಳು ಯೂರೋಪು, ಅಮೆರಿಕಗಳ ಸಂಗ್ರಹಾಲಯಗಳ ಪಾಲಾದವು. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ 900ಕ್ಕೂ ಹೆಚ್ಚು ಇವೆ. ರಾಜಮಾತೆ ಇಡಿಯಾಳ ದಂತದ ಮುಖವಾಡವೂ ಅಲ್ಲಿದೆ. 1977ರ ಲಾಗೋಸ್ ಕಲೋತ್ಸವದ ಲಾಂಛನವಾಗಿದ್ದ ಆ ಮುಖವಾಡವನ್ನು ಉತ್ಸವಕ್ಕೆಂದು ಎರವಲಾಗಿ ಕೇಳಿದರೂ ಮ್ಯೂಸಿಯಂ ಕೊಡಲಿಲ್ಲ. 2022ರಲ್ಲಿ ಜರ್ಮನಿ ತನ್ನಲ್ಲಿದ್ದ ಬೆನಿನ್ ಶಿಲ್ಪಗಳ ಒಡೆತನವನ್ನು ನೈಜೀರಿಯಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿ, ಆ ಡಿಸೆಂಬರಿನಲ್ಲಿ ಮೊದಲ 20 ವಸ್ತುಗಳನ್ನು ಒಪ್ಪಿಸಿತು. 2025ರಲ್ಲಿ ನೆದರ್ಲೆಂಡ್ಸ್ 119 ವಸ್ತುಗಳನ್ನು ಮರಳಿಸಿತು.

ಲೂಟಿಯಿಂದ ಕಸುಬು ನಿಂತುಹೋಗಲಿಲ್ಲ. 1914ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಎವೆಕಾ ಸ್ವತಃ ಕುಶಲಕರ್ಮಿ. ಅರಮನೆಯ ಹೊರಗಿನವರಿಗೂ ಎರಕ ಹೊಯ್ದು ಮಾರಲು ಆತನ ಕಾಲದಲ್ಲಿ ಅವಕಾಶವಾಯಿತು. ಇಗುನ್ ಬೀದಿಯ ಮನೆಗಳಲ್ಲಿ ಇಂದು ಹಳೆಯ ನಲ್ಲಿ, ಯಂತ್ರಗಳ ಬಿಡಿಭಾಗದಂಥ ಗುಜರಿ ಹಿತ್ತಾಳೆಯನ್ನು ಕರಗಿಸಿ ಪ್ರವಾಸಿಗರಿಗೂ ಅರಮನೆಗೂ ಶಿಲ್ಪ ಮಾಡಿಕೊಡುತ್ತಾರೆ.