ಕವಡೆಗೆ ನೆನಪಿಲ್ಲ: ಚೌಕಾಬಾರದಿಂದ ಎಸ್ಸೆಸ್ಸೆಲ್ಸಿ ಗಣಿತದವರೆಗೆ



ಇವತ್ತು ಒಂದು ಪಾಠದ ಚರಿತ್ರೆ. ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕದಲ್ಲಿ ‘ಸಂಭವನೀಯತೆ’ ಅಂತ ಒಂದು ಅಧ್ಯಾಯ ಇತ್ತಲ್ಲ, ನೆನಪಿದೆಯಾ? ನಾಣ್ಯ ಚಿಮ್ಮೋದು, ದಾಳ ಉರುಳಿಸೋದು, ಚೀಲದಿಂದ ಕೆಂಪು ಚೆಂಡು ತೆಗೆಯೋದು. ಪಾಠ ಚಿಕ್ಕದು, ಅಂಕ ಸುಲಭ. ನಮಗೆ ಬೇಕಾದ ಫಲಿತಾಂಶ ಎಷ್ಟು ಅಂತ ಎಣಿಸಿ, ಒಟ್ಟು ಫಲಿತಾಂಶದಿಂದ ಭಾಗಿಸಿದರೆ ಮುಗೀತು. ಆದರೆ ಸೂತ್ರದ ಜೊತೆಗೇ ಒಂದು ಷರತ್ತೂ ಇದೆ: ಎಲ್ಲ ಫಲಿತಾಂಶಗಳೂ ‘ಸಮಸಂಭವನೀಯ’ ಆಗಿರಬೇಕು. ಅಂದ್ರೆ, ಒಂದೊಂದಕ್ಕೂ ಸಮಾನ ಅವಕಾಶ ಇರಬೇಕು. ನಾವು ಬಾಯಿಪಾಠ ಮಾಡಿ ದಾಟಿಬಿಟ್ಟ ಮಾತು ಅದು. ಇವತ್ತಿನ ಕಥೆ ಆ ಮಾತಿನದ್ದೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ಕಡೆಯವರಿಗೆ ಚೌಕಾಬಾರ ಹೇಳಿಕೊಡಬೇಕಾಗಿಲ್ಲ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ಕೈಯಲ್ಲಿ ನಾಲ್ಕು ಕವಡೆ. ಕವಡೆ ಇಲ್ಲದಿದ್ರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ಬಾಯಿ ಮೇಲಾಗಿ ಎಷ್ಟು ಬಿದ್ವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದ್ರೆ ಚೌಕ. ನಾಲ್ಕೂ ಬೋರಲಾದ್ರೆ ಬಾರ, ಅಂದ್ರೆ ಎಂಟು. ಚೌಕ, ಬಾರ ಬಿದ್ದೋರಿಗೆ ಇನ್ನೊಂದು ಆಟ.

ಈಗ ಲೆಕ್ಕ ಹಾಕೋಣ. ಒಂದು ಕವಡೆ ಎರಡು ರೀತಿ ಬೀಳಬಹುದು. ನಾಲ್ಕು ಕವಡೆ ಸೇರಿದ್ರೆ 16 ರೀತಿ. ಒಂದು ಬೀಳೋಕೆ 4 ದಾರಿ, ಎರಡಕ್ಕೆ 6, ಮೂರಕ್ಕೆ 4. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಅಪರೂಪಕ್ಕೆ ಬೀಳೋದಕ್ಕೇ ಮರು ಆಟದ ಬಹುಮಾನ. ಈ ನಿಯಮ ಕಟ್ಟಿದವರು ಸೂತ್ರ ಬರೆದಿಡಲಿಲ್ಲ. ಆದರೆ ಅವರ ಕೈಗೆ ಲೆಕ್ಕ ಗೊತ್ತಿತ್ತು.

ಸೂತ್ರ ಬರೆದಿಟ್ಟವರೂ ನಮ್ಮಲ್ಲೇ ಇದ್ದರು. ಸುಮಾರು 850ನೇ ಇಸವಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಅನ್ನೋ ಗ್ರಂಥವನ್ನ ಸಂಸ್ಕೃತದಲ್ಲಿ ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನೋದಕ್ಕೆ ಅದರಲ್ಲಿ ನಿಯಮ ಇದೆ. ನಾಲ್ಕು ಕವಡೆಯಲ್ಲಿ ಎರಡು ಮೇಲಾಗೋಕೆ 6 ದಾರಿ ಅಂದ್ವಲ್ಲ? 4ನ್ನು 3ರಿಂದ ಗುಣಿಸಿ, 1 ಗುಣಿಸು 2ರಿಂದ ಭಾಗಿಸಿ. ಆ ನಿಯಮದಲ್ಲೂ ಉತ್ತರ ಆರೇ. ಅವನ ಉದಾಹರಣೆ ಅಡುಗೆಮನೆಯದ್ದು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನ ಎಷ್ಟು ಥರ ಬೆರೆಸಬಹುದು?

ಎಣಿಕೆ ಇತ್ತು, ಆಟವೂ ಇತ್ತು. 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಅಂತ ಒಂದು ಭಾಗವೇ ಆಟಗಳಿಗೆ ಮೀಸಲು. ಆದರೆ ಎಣಿಕೆಯನ್ನೂ ಆಟವನ್ನೂ ಸೇರಿಸಿ ‘ಮುಂದೇನಾಗಬಹುದು’ ಅಂತ ಕೇಳಿದ ಪತ್ರಗಳು ಹುಟ್ಟಿದ್ದು ದೂರದ ಫ್ರಾನ್ಸಿನಲ್ಲಿ. ನಮ್ಮ ಪಾಂಡವಪುರಕ್ಕೂ ಫ್ರೆಂಚರ ನಂಟಿದೆ. ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಆ ಊರಿಗೆ ‘ಫ್ರೆಂಚ್ ರಾಕ್ಸ್’ ಅಂತಲೇ ಹೆಸರಿತ್ತು. ಈ ಪತ್ರಗಳ ಕಥೆ ಮಾತ್ರ ಅದಕ್ಕಿಂತ ಹಳೇದು, 1654ರದ್ದು.

ಪಾಸ್ಕಲ್ ಮತ್ತು ಫರ್ಮಾ ಅನ್ನೋ ಇಬ್ಬರು ಗಣಿತಜ್ಞರ ಮುಂದಿದ್ದ ಪ್ರಶ್ನೆ ಇದು. ಇಬ್ಬರು ತಲಾ 32 ನಾಣ್ಯ ಕಟ್ಟಿದ್ದಾರೆ. ಮೊದಲು ಮೂರು ಆಟ ಗೆದ್ದೋರಿಗೆ ಪೂರ್ತಿ 64. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಅಷ್ಟರಲ್ಲಿ ಆಟ ನಿಂತುಹೋಯ್ತು. ದುಡ್ಡು ಹೇಗೆ ಹಂಚೋದು? ಮುಂದಿನ ಆಟ ಮೊದಲನೆಯವ ಗೆದ್ರೆ ಪೂರ್ತಿ ಅವನದ್ದು. ಸೋತ್ರೂ ಸಮಸಮ, 32 ಅವನಿಗೆ ಖಚಿತ. ಉಳಿದ 32ರಲ್ಲಿ ಅರ್ಧ ಅವನ ಹಕ್ಕು. ಹಾಗಾಗಿ 48 ಅವನಿಗೆ, 16 ಇನ್ನೊಬ್ಬನಿಗೆ. ಆಡದೇ ಉಳಿದ ಆಟಕ್ಕೂ ಬೆಲೆ ಕಟ್ಟಿದ್ರು ನೋಡಿ! ನಮ್ಮ ಪಾಠದ ಬೇರು ಅಲ್ಲಿದೆ.

ಇಲ್ಲೇ ಷರತ್ತು ಅಡ್ಡ ಬರುತ್ತೆ. ನಾಣ್ಯದ ಎರಡು ಮುಖ ಸಮ ಅಂತ ಒಪ್ಪಬಹುದು. ಕವಡೆಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಬಾಯಿ. ಅದು ಅರ್ಧಕ್ಕರ್ಧ ಬೀಳುತ್ತೆ ಅಂತ ಯಾರು ಹೇಳಿದ್ದು? ನಾವು ಹಾಕಿದ 16ರ ಲೆಕ್ಕ, ಕವಡೆ ಸಮ ಅಂತ ನಂಬಿ ಹಾಕಿದ್ದು. ನಿಜ ತಿಳೀಬೇಕಾದ್ರೆ ನೂರಾರು ಸಲ ಎಸೆದು ಬರೆದಿಟ್ಕೋಬೇಕು. ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ್ದೂ ಇದನ್ನೇ: ಪ್ರಯೋಗ ಹೆಚ್ಚಿದಷ್ಟೂ ನಮ್ಮ ದಾಖಲೆ ನಿಜವಾದ ಸಂಭವನೀಯತೆಗೆ ಹತ್ತಿರ ಬರುತ್ತೆ. ಅವನು ತೀರಿಕೊಂಡು ಎಂಟು ವರ್ಷದ ಮೇಲೆ, 1713ರಲ್ಲಿ ಆ ಪುಸ್ತಕ ಅಚ್ಚಾಯಿತು.

ಇದು ಬರೀ ಆಟದ ಮಾತಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬುತ್ತೋ ಇಲ್ವೋ? ‘ತುಂಬುತ್ತೆ, ಇಲ್ಲಾ ತುಂಬಲ್ಲ, ಎರಡೇ ಸಾಧ್ಯತೆ, ಹಾಗಾಗಿ ಅರ್ಧಕ್ಕರ್ಧ’ ಅಂತ ಬರೆದರೆ ಮೇಷ್ಟ್ರು ಸೊನ್ನೆ ಕೊಡ್ತಾರೆ, ಕೊಡಲೇಬೇಕು. 2023ರಲ್ಲಿ ಕಟ್ಟೆ ತುಂಬಲಿಲ್ಲ, 2024ರ ಜುಲೈನಲ್ಲಿ ತುಂಬಿತು. ಕೊಡಗಿನ ಮಳೆ, ಕಾವೇರಿ ಹೇಮಾವತಿಗಳ ಹರಿವು, ಇವುಗಳ ವರ್ಷ ವರ್ಷದ ದಾಖಲೆ ನೋಡದೆ ಉತ್ತರ ಹೇಳೋಕಾಗಲ್ಲ. ನಾಲೆ ನೀರು ನಂಬಿ ಕಬ್ಬು ಹಾಕೋ ಪಾಂಡವಪುರದ ರೈತರಿಗೂ, ಮಳೆ ನಂಬಿ ರಾಗಿ ಬಿತ್ತೋ ನಾಗಮಂಗಲದ ರೈತರಿಗೂ ಆ ದಾಖಲೆಯೇ ಕವಡೆಯ ಲೆಕ್ಕ.

ಇನ್ನೊಂದು ಮಾತು. ಹತ್ತು ಸಲ ಬಾರ ಬೀಳಲಿಲ್ಲ ಅಂದ್ರೆ ಹನ್ನೊಂದನೇ ಸಲ ಬಿದ್ದೇ ಬೀಳುತ್ತೆ ಅನ್ಸುತ್ತೆ. ಕವಡೆಗೆ ನೆನಪಿಲ್ಲ. ಹಿಂದಿನ ಹತ್ತು ಆಟ ಅದಕ್ಕೆ ಗೊತ್ತೇ ಇಲ್ಲ. ‘ಇಷ್ಟು ಸೋತಿದ್ದೀನಿ, ಈ ಸಲ ಬಂದೇ ಬರುತ್ತೆ’ ಅಂತ ರಾತ್ರಿ ಎರಡು ಗಂಟೇಲಿ ಮೊಬೈಲಲ್ಲಿ ಮತ್ತೆ ದುಡ್ಡು ಕಟ್ಟೋ ಹುಡುಗ ಎಡವೋದು ಇಲ್ಲೇ.

ಅವನಿಗಾಗಿ ಮತ್ತೆ ಮಹಾವೀರಾಚಾರ್ಯನ ಹತ್ತಿರ ಹೋಗೋಣ. ಅವನ ಗ್ರಂಥದಲ್ಲಿ ಕೋಳಿ ಅಂಕದ ಒಂದು ಲೆಕ್ಕ ಇದೆ. ಒಬ್ಬ ಜಾಣ ಎರಡು ಹುಂಜಗಳ ಒಡೆಯರ ಹತ್ತಿರ ಗುಟ್ಟಾಗಿ ಬೇರೆ ಬೇರೆ ಮಾತಾಡ್ತಾನೆ. ಮೊದಲನೆಯವನಿಗೆ, ‘ನೀನು ಗೆದ್ರೆ ಪಣದ ಹಣ ನನಗೆ ಕೊಡು, ಸೋತ್ರೆ ಅದರ ಮೂರನೇ ಎರಡು ಭಾಗ ನಾನೇ ಕೊಡ್ತೀನಿ’ ಅಂತಾನೆ. ಎರಡನೆಯವನಿಗೂ ಹಾಗೇ, ಆದರೆ ಸೋತ್ರೆ ಮುಕ್ಕಾಲು ಭಾಗ. ಪಣ 42 ಮತ್ತು 40. ಮೊದಲನೆಯವ ಗೆದ್ರೆ 42 ಬಂತು, 30 ಹೋಯ್ತು. ಎರಡನೆಯವ ಗೆದ್ರೆ 40 ಬಂತು, 28 ಹೋಯ್ತು. ಯಾರೇ ಗೆಲ್ಲಲಿ, ಜಾಣನಿಗೆ 12 ಖಚಿತ.

ಬೆಟ್ಟಿಂಗ್ ನಡೆಸೋರ ಗುರಿಯೂ ಆ 12 ನಾಣ್ಯವೇ. ಯಾವ ಹುಂಜ ಗೆದ್ರೂ ಅವರಿಗೆ ಚಿಂತೆ ಇರಬಾರದು, ಹಾಗೆ ದರ ಕಟ್ಟೋದು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ನಾಡಲ್ಲೇ ಬರೆದಿಟ್ಟ ಲೆಕ್ಕ ಇದು.

ಮನೇಲಿ ಹತ್ತನೇ ಕ್ಲಾಸಿನ ತಂಗೀನೋ ತಮ್ಮನೋ ಇದ್ರೆ, ಇವತ್ತು ಸಂಜೆ ನಾಲ್ಕು ಕವಡೆ ಹಿಡ್ಕೊಂಡು ಕೂತ್ಕೊಳ್ಳಿ. ನೂರು ಸಲ ಎಸೀರಿ, ನೋಟ್‌ಬುಕ್ಕಲ್ಲಿ ಬರೀರಿ. 16ರ ಲೆಕ್ಕಕ್ಕೂ ನಿಮ್ಮ ಕವಡೆಗೂ ಎಷ್ಟು ವ್ಯತ್ಯಾಸ ಬಂತು ಅಂತ ನೋಡಿ.